ಅಪ್‌ಡೇಟ್: ಸಿವಿಕ್‌ನ ಹಿಂದಿನ ಟೈರ್ ಒಳಬದಿ ಸವೆತ ನಿಂತಿತು

ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್) ಹಾಕಿದ ನನ್ನ 2008ರ ಹೋಂಡಾ ಸಿವಿಕ್ ಕಾರಿನ ಹಿಂದಿನ ಟೈರುಗಳು ಒಳಗಡೆಯಿಂದ ಸವೆಯುತ್ತಿವೆ, ಏನು ಮಾಡುವುದು ಎಂದು ಕೇಳಿದ್ದೆ. ಈಗ ಸರಿಯಾಗಿದೆ ಮಾರಾಯ್ರೆ.

ಬರೀ ಅಲೈನ್‌ಮೆಂಟ್ ಸಾಕು ಎಂದವರ ಸಲಹೆ ನಡೆಯಲಿಲ್ಲ. ಈ ಕಾರಿನಲ್ಲಿ ಹಿಂದೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ ತಿರುಗಿಸಬಹುದು, ಕ್ಯಾಂಬರ್‌ಗೆ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಹೊಂದಾಣಿಕೆಯೇ ಇಲ್ಲ. ಕೆಲಸ ಮಾಡಿದ್ದು ಅಡ್ಜಸ್ಟೆಬಲ್ ಅಪ್ಪರ್ ಆರ್ಮ್ (ಚಕ್ರದ ಮೇಲ್ಭಾಗವನ್ನು ಹಿಡಿದಿಡುವ, ಉದ್ದ ಬದಲಿಸಬಹುದಾದ ಸರಳು) ಹಾಕಿ ಎಂದವರ ಮಾತು. ತುದಿಯಲ್ಲಿ ರೋಸ್ ಜಾಯಿಂಟ್ (ಲೋಹದ ಗುಂಡಿನ ಕೀಲು) ಇರುವುದನ್ನು ಬಿಟ್ಟು ರಬ್ಬರ್ ಬುಷ್‌ (ರಬ್ಬರ್ ತುಂಬಿದ ಕೀಲು) ಇರುವುದನ್ನೇ ತಗೊಂಡೆ. ನಮ್ಮ ಮಂಗಳೂರಿನ ಮಳೆ, ಉಪ್ಪುಗಾಳಿಗೆ ಬೂಟ್ (ರಬ್ಬರ್ ಮುಸುಕು) ಇಲ್ಲದ ಜಾಯಿಂಟ್ ಬೇಗ ಕಟಕಟ ಶುರುಮಾಡುತ್ತದೆ.

ಬಿಚ್ಚುವಾಗಲೇ ನಿಜವಾದ ತೊಂದರೆ. ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ಬೋಲ್ಟ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ರಸ್ಟ್ ಆಯಿಲ್ ಹೊಡೆದಿಡಿ, ಹೊಸ ಬೋಲ್ಟ್ ಕೈಯಲ್ಲಿರಲಿ. ಹಳೆಯ ಆರ್ಮ್‌ನ ಉದ್ದವನ್ನು ಬೋಲ್ಟ್ ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದು ಹೊಸತನ್ನು ಅಷ್ಟಕ್ಕೇ ಇಟ್ಟು ಕೂರಿಸಿ. ಅಲೈನ್‌ಮೆಂಟ್ ಅಂಗಡಿವರೆಗೆ ಓಡಿಸಲು ಅಷ್ಟು ಸಾಕು.

ಗೊತ್ತಿರದಿದ್ದ ಸಂಗತಿ ಒಂದುಂಟು: ಚಕ್ರ ನೇತಾಡುವಾಗ ಬುಷ್ ಬೋಲ್ಟ್ ಬಿಗಿ ಮಾಡಬಾರದು. ಕಾರು ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಜ್ಯಾಕ್‌ನಿಂದ ಹಬ್ (ಚಕ್ರ ಕೂರುವ ಭಾಗ) ಎತ್ತಿ, ಕಾರಿನ ಭಾರ ಅದರ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ.

ಕ್ಯಾಂಬರ್ ಮೈನಸ್ (ಅಂದರೆ ಒಳಕ್ಕೆ ವಾಲಿದ) 2.6 ಡಿಗ್ರಿ ಇದ್ದದ್ದು ಎರಡೂ ಬದಿ ಮೈನಸ್ 1.3ಕ್ಕೆ ಬಂತು. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಸರಿಯುತ್ತದೆ, ಹಾಗಾಗಿ ಟೋ ಕೊನೆಗೇ ಸರಿ ಮಾಡಿಸಿ. ಟೈರ್ ತಿನ್ನುವುದರಲ್ಲಿ ಅದರದ್ದೇ ದೊಡ್ಡ ಪಾಲು. ಶಿರಾಡಿ ಘಾಟಿ ಹತ್ತಿಳಿದ ಮೇಲೆ ಆರ್ಮ್‌ನ ಉದ್ದ ಸರಿಯದಂತೆ ಹಿಡಿಯುವ ಲಾಕ್‌ನಟ್ ಮತ್ತೆ ನೋಡಿದೆ, ಸಡಿಲವಾಗಿರಲಿಲ್ಲ.