ಸಿಮೆಟ್ರಿಯಲ್ಲಿ ಈಸ್ಟರ್ ಹೊತ್ತಿಗೆ ಹೂ ಬಿಡುವ ಗಿಡ ಯಾವುದು ಹಾಕಲಿ?

ಚಿಕ್ಕಮಗಳೂರಿನ ಹತ್ತಿರ ನಮ್ಮ ಸಿಮೆಟ್ರಿಯಲ್ಲಿ ದಾರಿಬದಿ ಗಿಡ ಹಾಕುವ ಕೆಲಸ ಈ ಸಲ ನನ್ನ ತಲೆಗೆ ಬಂದಿದೆ. ನವೆಂಬರ್ 2ಕ್ಕೆ, ಸತ್ತವರನ್ನು ನೆನೆಯುವ ದಿನ, ಎಲ್ಲರೂ ಸೇವಂತಿಗೆ, ಚೆಂಡುಹೂ ತಂದು ಸಮಾಧಿ ತುಂಬಿಸುತ್ತಾರೆ. ಈಸ್ಟರ್‌ಗೆ ಹೋದರೆ ಒಣಹುಲ್ಲು ಬಿಟ್ಟು ಏನೂ ಇಲ್ಲ. ನಮ್ಮಜ್ಜಿಯೂ ಅಲ್ಲೇ ಇದ್ದಾರೆ, ಹೂ ಅಂದರೆ ಪ್ರಾಣ ಅವರಿಗೆ. ಇರುವುದು ಗೇಟ್ ಹತ್ತಿರ ಒಂದೇ ನಲ್ಲಿ. ದನದ ಕಾಟ ಬೇರೆ, ಹೋದ ವರ್ಷ ಹಾಕಿದ ದಾಸವಾಳವನ್ನು ವಾರದಲ್ಲಿ ಮೇಯ್ದು ಮುಗಿಸಿದವು.

ಸಕಲೇಶಪುರದ ತೋಟದವ:
ಗೋಸಂಪಿಗೆ ಹಾಕಿ, ಯೋಚನೆಯೇ ಬೇಡ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ, ಬೇಸಿಗೆ ಶುರುವಾದರೆ ಆ ಬೋಳು ಕೊಂಬೆಯ ತುದಿಯಲ್ಲೇ ಹೂ. ಮುರಿದರೆ ಹಾಲು ಬರುವ ಗಿಡ, ದನ ಮುಟ್ಟುವುದಿಲ್ಲ. ಮೊಳಕೈ ಉದ್ದದ ಕೊಂಬೆ ಕಡಿದು, ಹಾಲು ಒಣಗಲು ಒಂದು ವಾರ ನೆರಳಲ್ಲಿಟ್ಟು ಆಮೇಲೆ ನೆಡಿ, ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಈ ಈಸ್ಟರ್‌ಗೆ ಹೂ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಲಿಗೆ ಕಾಗದದ ಹೂ ಸಾಕು, ನೀರು ಕಡಿಮೆಯಾದಷ್ಟೂ ಜಾಸ್ತಿ ಬಿಡುತ್ತದೆ. ಗುಲ್‌ಮೊಹರ್ ಮಾತ್ರ ಬೇಡವೇ ಬೇಡ, ಬೇರು ಕಲ್ಲನ್ನೇ ಎಬ್ಬಿಸುತ್ತದೆ.

ಹಾಸನದ ಅಕ್ಕ:
ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರುತ್ತದೆ, ಗಿಡಕ್ಕೆ ಅದೆಲ್ಲಿ ಗೊತ್ತು? ನಮ್ಮ ಕಡೆ ಎಲ್ಲದಕ್ಕೂ ಹೂಮಳೆ, ಅಂದರೆ ಹೂ ಅರಳಿಸುವ ಬೇಸಿಗೆ ಮಳೆ, ಬೀಳಬೇಕು. ಮಳೆಯಾಗಿ ಎಂಟು-ಹತ್ತು ದಿನಕ್ಕೆ ಕಾಫಿ ಹೇಗೆ ಬೆಳ್ಳಗೆ ಅರಳುತ್ತದೋ, ಮಳೆ ಲಿಲ್ಲಿಯೂ ಹಾಗೇ. ಗಡ್ಡೆಯನ್ನು ಸಮಾಧಿ ಸುತ್ತ ಹುಗಿದು ಮರೆತುಬಿಡಿ. ಫುಟ್‌ಬಾಲ್ ಲಿಲ್ಲಿಯೂ ಇರಲಿ, ಮೇ ತಿಂಗಳಿಗೆ ಕೆಂಪು ಚೆಂಡು ಎದ್ದು ನಿಲ್ಲುತ್ತದೆ.

ನನಗೆ ಇಷ್ಟ ಅಂದರೆ ನಿನ್ನೆ-ಇವತ್ತು-ನಾಳೆ ಗಿಡ. ನೇರಳೆಯಾಗಿ ಅರಳಿ, ತಿಳಿಯಾಗಿ, ಮೂರು ದಿನಕ್ಕೆ ಬಿಳಿಯಾಗುತ್ತದೆ, ಒಂದೇ ಗಿಡದಲ್ಲಿ ಮೂರೂ ಬಣ್ಣ. ಆದರೆ ನಾಯಿಗೆ ಅದು ವಿಷ, ಕಣಗಿಲೆಯಂತೂ ಮನುಷ್ಯರಿಗೂ ವಿಷ. ಮಕ್ಕಳು ಓಡಾಡುವ ಕಡೆ ಎರಡೂ ಬೇಡ.

ಮೂಡಿಗೆರೆಯಿಂದ:
ಹೈಡ್ರೇಂಜ ಯಾರೂ ಹೇಳಲಿಲ್ಲವಲ್ಲ! ನೀರು ಕೇಳುತ್ತದೆ ನಿಜ, ನಲ್ಲಿ ಪಕ್ಕ ಹಾಕಿ. ನಮ್ಮ ಹುಳಿ ಮಣ್ಣಿಗೆ ನೀಲಿ ಹೂ ಬಿಡುತ್ತದೆ. ಸಿಮೆಂಟ್ ಸಮಾಧಿಗೆ ತಾಗಿಸಿ ನೆಟ್ಟರೆ ಸುಣ್ಣ ಇಳಿದು ಅದೇ ಗಿಡ ಗುಲಾಬಿಗೆ ತಿರುಗಬಹುದು, ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವಳು:
ಅಜ್ಜಿಯ ಸಮಾಧಿ ನಲ್ಲಿಯಿಂದ ನಾಲ್ಕೇ ಹೆಜ್ಜೆ, ಸುತ್ತಲೂ ಸಿಮೆಂಟು. ಅವರಿಗೆ ಗುಲಾಬಿ ಬಣ್ಣವೇ ಇಷ್ಟ ಇತ್ತು! ಗೋಸಂಪಿಗೆ ಕೊಂಬೆ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಭಾನುವಾರ ಪೂಜೆ ಮುಗಿಸಿ ಬಂದು ತೆಗೆದುಕೊಳ್ಳುತ್ತೇನೆ.