ಚಿಕ್ಕಮ್ಮ, ಅದು ಪೇಪರ್ ಅಲ್ಲ

ಚಿಕ್ಕಮ್ಮ, ನಿನ್ನೆ ನಾನು ಗ್ರೂಪಿಗೆ ಹಾಕಿದ ಜಿಂಜರ್‌ಬ್ರೆಡ್ ತಿಂಡಿಯ ಫೋಟೋ ನೋಡಿ ಮೂರು ಪ್ರಶ್ನೆ ಕೇಳಿದ್ದಿರಿ. ಜಿಂಜರ್‌ಬ್ರೆಡ್ ಅಂದರೆ ಶುಂಠಿ ಹಾಕಿದ ಬ್ರೆಡ್ಡಾ, ಕೆಳಗೆ ಅಂಟಿರುವ ಬಿಳಿ ಪೇಪರ್ ಕಿತ್ತು ತಿನ್ನಬೇಕಾ, ಅಜ್ಜಿಗೆ ತರಬಹುದಾ ಅಂತ. ಟ್ರೈನಿನಲ್ಲಿ ನಿಂತುಕೊಂಡು ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಈಗ ಮನೆಗೆ ಬಂದು ಬಿಸಿ ಕಷಾಯ ಹಿಡಿದು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ನಾನು ಹೋಗಿದ್ದು ಜರ್ಮನಿಯ ನ್ಯೂರೆಂಬರ್ಗ್‌ನ ಕ್ರಿಸ್‌ಮಸ್ ಸಂತೆಗೆ. ನಾನಿರುವ ಎರ್ಲಾಂಗನ್‌ನಿಂದ ಟ್ರೈನಿನಲ್ಲಿ ಅರ್ಧ ಗಂಟೆಯೂ ಬೇಡ. ಹಳೇ ಪೇಟೆಯ ನಡುವೆ ದೊಡ್ಡ ಚೌಕ, ಒಂದು ಬದಿಗೆ ಕಲ್ಲಿನ ಚರ್ಚು, ಅದರ ಮುಂದೆ ಸುಮಾರು 180 ಮರದ ಅಂಗಡಿ. ಎಲ್ಲದರ ಮೇಲೂ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಹೊದಿಕೆ. ಈ ಸಂತೆಗೆ ಸಿಕ್ಕಿರುವ ಅತಿ ಹಳೆಯ ಗುರುತು 1628ನೇ ಇಸವಿಯದು, ಒಂದು ಮರದ ಡಬ್ಬಿಯ ಮೇಲಿನ ಬರಹ. ಹಣ್ಣಿನ ರಸಕ್ಕೆ ಮಸಾಲೆ ಹಾಕಿ ಕಾಯಿಸಿ ಕೊಡುತ್ತಾರೆ, ಮಕ್ಕಳು ಕುಡಿಯುವಂಥದ್ದು. ನಾನು ಅದನ್ನೇ ಕುಡಿದೆ. ಚಳಿಗೆ ಕೈ ಕೊರೆಯುವಾಗ ಆ ಲೋಟ ಹಿಡಿದುಕೊಳ್ಳುವುದೇ ಒಂದು ಸುಖ.

ಈಗ ನಿಮ್ಮ ಪ್ರಶ್ನೆ. ಇದಕ್ಕೆ ಇಲ್ಲಿಯ ಹೆಸರು ಲೇಬ್‌ಕೂಖೆನ್. ಬ್ರೆಡ್ ಅಲ್ಲ, ಶುಂಠಿಯೂ ಇದರಲ್ಲಿ ಮುಖ್ಯ ಅಲ್ಲ. ಅಂಗೈ ಅಗಲದ ದುಂಡನೆಯ, ಮೆತ್ತಗಿನ ತಿಂಡಿ. ಒಳ್ಳೆಯ ಜಾತಿಯದ್ದಕ್ಕೆ ಎಲಿಸೆನ್ ಅನ್ನುತ್ತಾರೆ. ಅದರಲ್ಲಿ ಬಾದಾಮಿ, ಹೇಝಲ್‌ನಟ್, ಅಕ್ರೋಟು ಸೇರಿ ಕಾಲು ಭಾಗವಾದರೂ ಇರಲೇಬೇಕು, ಹಿಟ್ಟು ನೂರಕ್ಕೆ 10 ದಾಟಬಾರದು. ಇದು ಇಲ್ಲಿಯ ಆಹಾರ ಮಾರ್ಗಸೂಚಿಯ ಮಾತು. ನಾನು ಒಂದನ್ನು ಅಲ್ಲೇ ಮುರಿದು ನೋಡಿದೆ. ಒಳಗೆ ಬೀಜದ ಚೂರು, ಕಿತ್ತಳೆ ಸಿಪ್ಪೆಯ ಚೂರು, ಒದ್ದೆ ಒದ್ದೆ. ಮೂಗಿಗೆ ಹಿಡಿದರೆ ಚಕ್ಕೆ, ಲವಂಗ, ಏಲಕ್ಕಿ, ಜಾಯಿಕಾಯಿ. ನಮ್ಮ ಅಜ್ಜಿಯ ಮಸಾಲೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ.

ಕೆಳಗಿನ ಬಿಳಿ ಹಾಳೆ ತಿನ್ನುವಂಥದ್ದೇ, ಕೀಳಬೇಡಿ. ಹಿಟ್ಟು ನೀರು ಕಲಸಿ ಕಾದ ಅಚ್ಚಿನಲ್ಲಿ ಒತ್ತಿದ ತೆಳು ಹಪ್ಪಳ ಅದು, ಒಬ್ಲಾಟೆ ಅಂತ ಹೆಸರು. ಚರ್ಚಿನಲ್ಲಿ ಪ್ರಸಾದವಾಗಿ ಕೊಡುತ್ತಾರಲ್ಲ, ಅದರ ಜಾತಿಯದ್ದು. ಹಿಂದೆ ಇಲ್ಲಿಯ ಕ್ರೈಸ್ತ ಮಠದ ಸನ್ಯಾಸಿಗಳ ಅಡುಗೆಮನೆಯಲ್ಲಿ ಅದು ಇರುತ್ತಿತ್ತು. ಅಂಟು ಹಿಟ್ಟನ್ನು ಅದರ ಮೇಲಿಟ್ಟು ಬೇಯಿಸಿದರೆ ತಳ ಹಿಡಿಯುವುದಿಲ್ಲ. ನಾವು ಬಾಳೆಲೆ ಮೇಲೆ ಹಿಟ್ಟು ತಟ್ಟುತ್ತೇವಲ್ಲ, ಅದೇ ಬುದ್ಧಿ.

ಇನ್ನೊಂದು ಹಳೇ ಹೆಸರಿದೆ ಇದಕ್ಕೆ, ಫೆಫರ್‌ಕೂಖೆನ್. ಮೆಣಸಿನ ಕೇಕು ಅಂತ ಅರ್ಥ. ಆ ಕಾಲದಲ್ಲಿ ದೂರದಿಂದ ಬಂದ ಮಸಾಲೆಗೆಲ್ಲ ಇಲ್ಲಿಯ ಜನ ಮೆಣಸು ಅಂತಲೇ ಕರೆಯುತ್ತಿದ್ದರಂತೆ. ಜೇನು ಊರ ಸುತ್ತಲಿನ ಕಾಡಿನಿಂದ ಸಿಗುತ್ತಿತ್ತು. ಮಸಾಲೆ ವೆನಿಸ್ ದಾರಿಯಿಂದ ಬರುತ್ತಿತ್ತು. ಆಮೇಲಿನ ಕತೆ ದೊಡ್ಡಪ್ಪನಿಗೆ ಖಂಡಿತ ಹೇಳಬೇಕು. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಹಡಗುಗಳನ್ನು ಕಟ್ಟಿಕೊಂಡು ಭಾರತದ ಕಡೆ ಹೊರಟನಲ್ಲ, ಅದಕ್ಕೆ ಹಣ ಹಾಕಿದವರಲ್ಲಿ ಈ ನ್ಯೂರೆಂಬರ್ಗ್‌ನ ಇಮ್‌ಹೋಫ್, ಹಿರ್ಷ್‌ಫೋಗೆಲ್ ಮನೆತನದ ವ್ಯಾಪಾರಿಗಳೂ ಇದ್ದರು. ಆ ಹಡಗುಗಳು ಬಂದು ನಿಂತದ್ದು ಎಲ್ಲಿ ಗೊತ್ತಾ? ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಅಲ್ಲಿ ಕೋಟೆ ಕಟ್ಟಿದರು, ಹೊನ್ನಾವರದ ಮೇಲೆ ದಾಳಿ ಮಾಡಿದರು, ಆಮೇಲೆ ಕೊಚ್ಚಿ ಕಡೆ ಇಳಿದು ಮೆಣಸು ತುಂಬಿಕೊಂಡರು. ನಾವು ಅಡಿಕೆ ಮರಕ್ಕೆ ಹಬ್ಬಿಸುವ ಅದೇ ಬಳ್ಳಿಯ ಕಾಳು. ಇಲ್ಲಿ ಕೊಡುವ ಅಂದದ ಡಬ್ಬಿಯ ಮೇಲೆ ಕೋಟೆ, ಚರ್ಚು, ಹಿಮ ಎಲ್ಲ ಬರೆದಿದೆ. ಒಂದು ಮೆಣಸಿನ ಬಳ್ಳಿ ಇಲ್ಲ. ಇರಬೇಕಿತ್ತು. ನನಗೆ ಅಲ್ಲಿ ನಿಂತಾಗ ನಿಜಕ್ಕೂ ಹೊಟ್ಟೆಯೊಳಗೆ ಏನೋ ಆಯಿತು ಚಿಕ್ಕಮ್ಮ.

ಅಲಂಕಾರದ ಅಂಗಡಿಗಳ ಬಗ್ಗೆ ಪುಟ್ಟಿ ಕೇಳಿದ್ದಳು. ಪುಟ್ಟಿ, ಗಾಜಿನ ಗುಂಡು, ಹುಲ್ಲಿನ ನಕ್ಷತ್ರ ಎಲ್ಲ ಕಡೆ ಸಿಗುತ್ತದೆ. ಈ ಊರಿನದೇ ಆದದ್ದು ಎರಡು. ಒಂದು ಬಂಗಾರದ ಬಣ್ಣದ ದೇವತೆ. ತೆಳ್ಳನೆ ಹಿತ್ತಾಳೆ ಹಾಳೆಯನ್ನು ನೆರಿಗೆ ಮಾಡಿ ಲಂಗ ಹೊಲಿದ ಹಾಗೆ ಮಾಡಿರುತ್ತಾರೆ. ಗಾಳಿಗೆ ಸರಸರ ಅನ್ನುತ್ತದೆ, ಹೆಸರು ಬಂದದ್ದೂ ಆ ಸದ್ದಿನಿಂದಲೇ, ರೌಶ್‌ಗೋಲ್ಡ್. ಮಗಳನ್ನು ಕಳೆದುಕೊಂಡ ಗೊಂಬೆ ಮಾಡುವವನೊಬ್ಬ ಅವಳ ನೆನಪಿಗೆ ಮೊದಲನೆಯದನ್ನು ಮಾಡಿದ ಅಂತ ಕತೆ ಹೇಳುತ್ತಾರೆ.

ಇನ್ನೊಂದು ಒಣಹಣ್ಣಿನ ಮನುಷ್ಯ. ಕೈಕಾಲಿಗೆ ತಂತಿಯಲ್ಲಿ ಪೋಣಿಸಿದ ಒಣ ಪ್ಲಮ್, ಹೊಟ್ಟೆಗೆ ಒಣ ಅಂಜೂರ, ತಲೆಗೆ ಅಕ್ರೋಟು. ಅಕ್ರೋಟಿನ ಮೇಲೆ ಕಣ್ಣು ಬಾಯಿ ಬರೆದು ಟೊಪ್ಪಿ ಹಾಕುತ್ತಾರೆ. ಅಂಗಡಿಯ ಅಜ್ಜಿ ಒಂದು ಗೊಂಬೆಯ ಕುತ್ತಿಗೆಗೆ ಶಾಲು ಸುತ್ತುತ್ತಿದ್ದರು. ಎರಡು ಬೆರಳಲ್ಲಿ ಗಂಟು ಹಾಕಿ, ತುದಿ ಎಳೆದು, ದೂರ ಹಿಡಿದು ನೋಡಿ, ಮತ್ತೆ ಬಿಚ್ಚಿ ಹಾಕಿದರು. ಮೂರು ಸಲ. ನಾನು ಸುಮ್ನೆ ನೋಡುತ್ತಾ ನಿಂತುಬಿಟ್ಟೆ. ಅದನ್ನೇ ತಗೊಂಡೆ, ಪುಟ್ಟಿಗೆ.

ಅಜ್ಜಿಯ ವಿಷಯ. ಎಲಿಸೆನ್‌ನಲ್ಲಿ ಮೊಟ್ಟೆ ಇರುತ್ತದೆ, ಅದು ಅಜ್ಜಿಗೆ ಬೇಡ. ಯಾರೂ ಸುಮ್ಮನೆ ಏನೂ ಆಗುವುದಿಲ್ಲ ಅಂತ ತಿನ್ನಿಸಬೇಡಿ. ಮೊಟ್ಟೆ ಹಾಕದ್ದೂ ಸಿಗುತ್ತದೆ. ಡಬ್ಬಿಯ ಹಿಂದಿನ ಪಟ್ಟಿ ಪೂರ್ತಿ ಓದಿ, ಅಂಗಡಿಯವರನ್ನೂ ಕೇಳಿ ಒಂದು ಡಬ್ಬಿ ಬೇರೆ ತಗೊಂಡಿದ್ದೇನೆ, ಮೇಲೆ ಹಸಿರು ದಾರ ಕಟ್ಟಿದ್ದೇನೆ. ಹಸಿರು ದಾರದ್ದು ಅಜ್ಜಿಯದು, ಬಾಕಿಯದು ಉಳಿದವರಿಗೆ. ಅಜ್ಜಿಯ ಹಲ್ಲಿಗೂ ತೊಂದರೆ ಆಗುವುದಿಲ್ಲ, ಇದು ಮೆತ್ತಗೇ ಇರುತ್ತದೆ. ಗಟ್ಟಿ ಆದರೆ ಡಬ್ಬಿಯೊಳಗೆ ಒಂದು ಸೇಬಿನ ಹೋಳು ಇಟ್ಟು ಒಂದು ದಿನ ಬಿಡಿ, ಮತ್ತೆ ಮೆತ್ತಗಾಗುತ್ತದೆ. ಹೋಳು ಮಾತ್ರ ಮರೆಯದೆ ತೆಗೆಯಿರಿ, ಬೂಷ್ಟು ಬರುತ್ತದೆ.

ಜನವರಿಯಲ್ಲಿ ಬರುತ್ತೇನಲ್ಲ, ಆಗ ತರುತ್ತೇನೆ. ಇನ್ನೂ ಯಾರಿಗಾದರೂ ಬೇಕಿದ್ದರೆ 24ರ ಒಳಗೆ ಹೇಳಿ, ಅವತ್ತಿಗೆ ಸಂತೆ ಮುಗಿಯುತ್ತದೆ. ದೊಡ್ಡಪ್ಪ, ನಾನು ವಾಪಸ್ ಇಲ್ಲಿಗೆ ಬರುವಾಗ ತರಲು ಒಂದು ಕಿಲೋ ಕಾಳುಮೆಣಸು ತೆಗೆದಿಡಿ. ಆ ಶಾಲು ಸುತ್ತಿದ ಅಜ್ಜಿಗೆ ಸ್ವಲ್ಪ ಕೊಡಬೇಕು.