ಅಪ್‌ಡೇಟ್: ಅಮ್ಮನ ಐದು ಗಂಟೆಗಳ ಮರೆವು

ನನ್ನ 62 ವರ್ಷದ ಅಮ್ಮನಿಗೆ ಒಂದು ಬೆಳಿಗ್ಗೆ ಹಠಾತ್ತನೆ ನೆನಪು ಕೈಕೊಟ್ಟು ಐದು ಗಂಟೆಗಳ ಬಳಿಕ ಮರಳಿದ್ದನ್ನು ತಿಳಿಸಿ, ಇದು ಪಾರ್ಶ್ವವಾಯುವಿನ ಮುನ್ಸೂಚನೆಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ನರರೋಗ ತಜ್ಞರ ಪ್ರಕಾರ ಇದು ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯಾ, ಅಂದರೆ 24 ಗಂಟೆಗಳೊಳಗೆ ತಾನಾಗಿಯೇ ಸರಿಹೋಗುವ ಮರೆವು.

ಅಂದು ಅಮ್ಮ ಮಲ್ಲಿಗೆ ಕಟ್ಟುತ್ತಲೇ "ಈ ಹೂ ಯಾರು ತಂದ್ರು?" ಎಂದು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು, ಬೆರಳುಗಳು ಮಾತ್ರ ಒಂದು ಗಂಟನ್ನೂ ತಪ್ಪಲಿಲ್ಲ. ಹೊಸ ನೆನಪುಗಳನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್ ಕೆಲಸ ನಿಲ್ಲಿಸಿದಾಗಲೂ, ಕೈಗೆ ರೂಢಿಯಾದ ಕೆಲಸವನ್ನು ನಡೆಸುವ ಮಿದುಳಿನ ಭಾಗಗಳು ಎಂದಿನಂತೆಯೇ ಇರುತ್ತವೆಯಂತೆ.

ನನ್ನನ್ನು ಹೆಚ್ಚು ಕಾಡಿದ್ದು ರಕ್ತಸಂಚಾರದ ಪ್ರಶ್ನೆ. ಮರೆವಿನ ಹೊತ್ತಿನಲ್ಲೇ, ಮಿದುಳಿನಲ್ಲಿ ರಕ್ತದ ಹರಿವನ್ನು ತೋರಿಸುವ ಸ್ಪೆಕ್ಟ್ ಸ್ಕ್ಯಾನ್‌ಗೆ ಒಳಗಾದ ಹಲವು ರೋಗಿಗಳಲ್ಲಿ ಹಿಪ್ಪೊಕ್ಯಾಂಪಸ್ ಇರುವ ಟೆಂಪೊರಲ್ ಹಾಲೆಯ (ಮಿದುಳಿನ ಪಕ್ಕದ ಭಾಗದ) ಒಳಭಾಗಕ್ಕೆ ರಕ್ತದ ಹರಿವು ತಗ್ಗಿ, ಅನಂತರ ಸಹಜಸ್ಥಿತಿಗೆ ಮರಳಿದ್ದು ಕಂಡುಬಂದಿದೆ. ಕೆಲವರಲ್ಲಿ ಅದು ಹೆಚ್ಚಿದ್ದೂ ಉಂಟು. ಆದ್ದರಿಂದ ಇದನ್ನು ರಕ್ತನಾಳ ಕಟ್ಟಿಕೊಳ್ಳುವ ಪಾರ್ಶ್ವವಾಯುವಿನೊಂದಿಗೆ ಸಮೀಕರಿಸಲಾಗದು. ಕುತ್ತಿಗೆಯ ಅಭಿಧಮನಿಯಲ್ಲಿ ರಕ್ತ ಹಿಮ್ಮುಖವಾಗಿ ಒತ್ತುವುದು, ಮೈಗ್ರೇನಿನಲ್ಲಿ ಕಾಣುವಂತಹ ನರಕೋಶಗಳ ತಾತ್ಕಾಲಿಕ ಸ್ತಬ್ಧತೆ ಮುಂತಾದ ಕಾರಣಗಳು ಇನ್ನೂ ಚರ್ಚೆಯಲ್ಲಿವೆ.

ಮೊದಲ ದಿನದ ಎಂಆರ್‌ಐನಲ್ಲಿ ಏನೂ ಕಾಣಲಿಲ್ಲ. ಮೂರನೆಯ ದಿನ ಎಡ ಹಿಪ್ಪೊಕ್ಯಾಂಪಸ್‌ನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡಿತು. ಈ ಕಾಯಿಲೆಯಲ್ಲಿ ಅದು ತಡವಾಗಿಯೇ ಗೋಚರಿಸುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಸಹಜವಾಗಿದೆ. ಆದರೂ ಇಂತಹ ಮರೆವು ಕಂಡ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಪಾರ್ಶ್ವವಾಯು ಅಥವಾ ಅಪಸ್ಮಾರವಲ್ಲವೆಂದು ಮನೆಯಲ್ಲೇ ನಿರ್ಧರಿಸಲಾಗದು. ಅಮ್ಮ ಈಗ ಚೆನ್ನಾಗಿದ್ದಾರೆ. ಆ ಐದು ಗಂಟೆಗಳು ಮಾತ್ರ ಅವರಿಗೆ ಇಂದಿಗೂ ನೆನಪಾಗಿಲ್ಲ.